ಖಾಡಿಗೆ ಊಟಕ್ಕೆ ಬಂದ ಪಾರ್ಟಿ

ಥಣ್, ಥಣ್, ಥಣ್. ಸ್ಟೀಲಿನ ತಟ್ಟೆಯ ಮೇಲೆ ಸೌಟಿನ ಪೆಟ್ಟು. ಥಾಣೆಯ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ನಮ್ಮ ಕಂಪನಿಯಲ್ಲಿ ಸೈರನ್ ಕೆಟ್ಟುಹೋದ ಮೇಲೆ ಊಟದ ಹೊತ್ತನ್ನು ಸಾರುತ್ತಿದ್ದದ್ದು ಇದೇ ಶಬ್ದ. ವಾಕ್ಯವನ್ನು ಅರ್ಧಕ್ಕೆ ಬಿಡುವುದು ಬ್ಯಾಡ್ ಮ್ಯಾನರ್ಸ್ ಎಂದು ಕಾನ್ವೆಂಟಿನ ಸಿಸ್ಟರ್‌ಗಳು ಎಷ್ಟು ಕಲಿಸಿದ್ದರೂ ಟೈಪ್‌ರೈಟರಿನ ಮೇಲೆ ನನ್ನ ಬೆರಳು ಅರ್ಧ ವಾಕ್ಯದಲ್ಲೇ ನಿಂತುಬಿಡುತ್ತಿತ್ತು. ಎಷ್ಟೋ ವರ್ಷಗಳ ನಂತರ ಅದೇ ಶಬ್ದವನ್ನು ನೀರಿನ ಮೇಲೆ ಕೇಳಿದೆ. ಅಂದಿನಿಂದ ಯಾರ ಅಡುಗೆಮನೆಯಲ್ಲಿ ತಟ್ಟೆ ಬಿದ್ದರೂ ನನ್ನ ಕೈಯ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಆ ತಟ್ಟೆಯ ಯಜಮಾನರು ಕಳೆದ ಜೂನಿನಲ್ಲಿ ಡೊಂಬಿವಲಿಯಲ್ಲಿ ತೀರಿಕೊಂಡರು. ಮಗಳು ಫೋನ್ ಮಾಡಿದ್ದಳು. "ಆಂಟೀ, ಪಪ್ಪಾ ನಹೀಂ ರಹೇ." ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಹಿಂದಿಯೇ ಬರುವುದು. ನಾನು ಕನ್ನಡದಲ್ಲಿ ಅತ್ತೆ, ಅವಳು ಹಿಂದಿಯಲ್ಲಿ ಸಮಾಧಾನ ಹೇಳಿದಳು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಪ್ರಯೋಜನವಿಲ್ಲ. ಮುಂಬಯಿಯ ಈ ಕಡೆ ಇಡ್ಲಿ ಮಾರುವವನಿಗೆ ಹೆಸರು ಎಲ್ಲಿರುತ್ತದೆ? ಅವನು ಅಣ್ಣ, ಅಷ್ಟೇ. ಇವರು ನಮ್ಮ ಕ್ಯಾಂಟೀನ್ ಅಣ್ಣ. ಕುಂದಾಪುರದ ಕಡೆಯವರು, ಹುಡುಗ ವಯಸ್ಸಿನಲ್ಲೇ ಥಾಣೆಗೆ ಬಂದು ಹೋಟೆಲಿನಲ್ಲಿ ಟೇಬಲ್ ಒರೆಸಿ ಮೇಲೆ ಬಂದವರು. ಕೂದಲಿಗೆ ಕಡುಗಪ್ಪು ಡೈ. ಹಣೆಯ ಮೇಲೆ ಅದರ ಗೆರೆ ಒಂದು ವಾರ ಉಳಿಯುತ್ತಿತ್ತು. ಮನುಷ್ಯರನ್ನು ಅವರು ಮುಖದಿಂದ ನೆನಪಿಡುತ್ತಿರಲಿಲ್ಲ, ತಿಂಡಿಯಿಂದ. ಕಂಪನಿ ಮುಚ್ಚಿ ಯಾರು ಎಲ್ಲಿ ಹೋದರೋ ತಿಳಿಯದೆ ಹೋದ ಮೇಲೆ, ನಾನು ರಿಟೈರ್ ಆಗಿ ಐರೋಲಿಯ ಫ್ಲ್ಯಾಟಿಗೆ ಬಂದೆ. ಒಂದು ಬೆಳಿಗ್ಗೆ ವಾಕಿಂಗ್ ಹೋದವಳು ದಾರಿ ತಪ್ಪಿ ಖಾಡಿಯ ದಂಡೆಯ ಮೀನುಗಾರರ ಕೇರಿಗೆ ಇಳಿದುಬಿಟ್ಟೆ. ಖಾಡಿ ಎಂದರೆ ಥಾಣೆಗೂ ನವಿ ಮುಂಬಯಿಗೂ ನಡುವೆ ಒಳಗೆ ಚಾಚಿಕೊಂಡಿರುವ ಸಮುದ್ರದ ಹಿನ್ನೀರು. ಅಲ್ಲಿ ಜೆಟ್ಟಿಯ ಪಕ್ಕದ ತಗಡಿನ ಟಪರಿಯಿಂದ, ಅಂದರೆ ಚಹಾ ತಿಂಡಿಯ ಗೂಡಂಗಡಿಯಿಂದ, ಒಂದು ಧ್ವನಿ ಬಂತು.

"ಮೇಡಂ! ಸಾಂಬಾರ್ ಬೇರೆ, ಚಟ್ನಿ ಮೇಲೆ, ಅಲ್ವಾ?"

ಐ ಮಸ್ಟ್ ಸೇ, ನನ್ನ ಗಂಡನಿಗೂ ಅದು ಕೊನೆಯವರೆಗೆ ನೆನಪಿರಲಿಲ್ಲ.

ಅಣ್ಣನಿಗೆ ಹಕ್ಕಿಗಳ ಬಗ್ಗೆ ಏನೂ ತಿಳಿದಿರಲಿಲ್ಲ. ಚಳಿಗಾಲದಲ್ಲಿ ಖಾಡಿಯ ಕೆಸರಿಗೆ ಸಾವಿರಗಟ್ಟಲೆ ಫ್ಲೆಮಿಂಗೋಗಳು ಬಂದಿಳಿಯುತ್ತವೆ. ಅವು ಎಲ್ಲಿಂದ ಬರುತ್ತವೆ ಎಂದು ಗಿರಾಕಿಗಳು ಕೇಳಿದರೆ ಒಂದು ವಾರ ಸೈಬೀರಿಯಾ ಎನ್ನುತ್ತಿದ್ದರು, ಇನ್ನೊಂದು ವಾರ ಆಫ್ರಿಕಾ. ಹೆಚ್ಚಿನವು ಗುಜರಾತಿನ ಕಛ್‌ನಿಂದ ಬರುವುದಂತೆ ಎಂದು ನಾನು ತಿದ್ದಿದೆ.

"ಸುಮ್ನಿರಿ ಮಾರಾಯ್ರೆ. ಗುಜರಾತ್ ಅಂದ್ರೆ ಯಾರು ದೋಣಿ ಹತ್ತುತ್ತಾರೆ? ಗುಜರಾತಿನವರು ನಿಮ್ಮ ಬಿಲ್ಡಿಂಗಲ್ಲೇ ಬೇಕಾದಷ್ಟು ಉಂಟಲ್ಲ?"

ಕಡಲ ತೀರದಲ್ಲಿ ಹುಟ್ಟಿದವರಾದರೂ ಈಜು ಬರುತ್ತಿರಲಿಲ್ಲ. ಆದರೆ ದೋಣಿಯ ಆಲೋಚನೆ ಅವರದೇ. ಭಾನುವಾರಗಳಲ್ಲಿ ಕ್ಯಾಮೆರಾ ಹಿಡಿದವರು ಕೇರಿಗೆ ಬಂದು, ಕಟ್ಟೆಯ ಮೇಲೆ ನಿಂತು ದೂರದ ಗುಲಾಬಿ ಬಣ್ಣವನ್ನು ನೋಡಿ, ಒಂದು ಚಹಾ ಕುಡಿದು ಹೋಗಿಬಿಡುತ್ತಿದ್ದರು. ಕೇರಿಯ ಬಲೆಗಳಿಗೋ ಮೀನಿಗಿಂತ ಪ್ಲಾಸ್ಟಿಕ್ ಚೀಲಗಳೇ ಹೆಚ್ಚು ಬೀಳುತ್ತಿದ್ದವು. ಗಂಡಸರು ಮಾಜಿವಾಡಾದ ಕಡೆ ಹೊಸ ಟವರುಗಳಿಗೆ ವಾಚ್‌ಮನ್ ಕೆಲಸಕ್ಕೆ ಹೋಗತೊಡಗಿದ್ದರು. ದಂಡೆಯ ಮ್ಯಾಂಗ್ರೋವ್ ಗಿಡಗಳ ಮೇಲೆ ಬೆಳಗಿನ ಜಾವ ಲಾರಿಗಳು ಬಂದು ಕಟ್ಟಡ ಒಡೆದ ಇಟ್ಟಿಗೆ ಮಣ್ಣನ್ನು ಸುರಿಯುತ್ತಿದ್ದವು. ಇವತ್ತು ಹುಗಿದ ಜಾಗ ನಾಳೆ ಪ್ಲಾಟ್ ಆಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ತಡೆಯುವ ಮನಸ್ಸು ಯಾರಿಗಿತ್ತು?

ಅಣ್ಣ ಮೊದಲು ಹಿಡಿದದ್ದು ಪಂಢರಿಯನ್ನು. ಕೇರಿಯಲ್ಲಿ ಒಳ್ಳೆಯ ದೋಣಿ ಅವನದು. ಇಬ್ಬರ ಮಾತೂ ಮರಾಠಿ ಹಿಂದಿಗಳ ಕಲಸುಮೇಲೋಗರ. ಇಲ್ಲಿ ಬಹುಪಾಲು ಕನ್ನಡದಲ್ಲೇ ಬರೆಯುತ್ತೇನೆ.

"ಮೀನಿನ ದೋಣಿಯಲ್ಲಿ ಸಾಹೇಬರು ಕೂರುತ್ತಾರಾ ಅಣ್ಣಾ? ವಾಸನೆ ಬರುತ್ತೆ."

"ಬರಲಿ. ವಾಸನೆಗೂ ಸೇರಿಸಿಯೇ ಟಿಕೆಟ್ ಇಡು."

ಫಾರೆಸ್ಟ್ ಆಫೀಸಿಗೆ ಅಲೆದು, ಸೀಸನ್ನಿಗೆ ಸೀಸನ್ನಿಗೆ ಹೊಸದಾಗಿ ಪಡೆಯಬೇಕಾದ ಪರ್ಮಿಷನ್ ತಂದರು. ಅಲ್ಲಿಂದ ಮುಂದೆ ಅಣ್ಣನ ಹೋಟೆಲ್ ಬುದ್ಧಿ ಕೆಲಸ ಮಾಡಿತು. ದೋಣಿಗಳಿಗೆ ಪಾಳಿ. ಯಾರು ಗಿರಾಕಿಯನ್ನು ಕರೆತಂದರೂ ಸರಿ, ಯಾರ ಸರದಿಯೋ ಅವರದೇ ದೋಣಿ ಹೊರಡಬೇಕು. ಎಳೆದಾಟ ಇಲ್ಲ, ಪೈಪೋಟಿ ಇಲ್ಲ. ಬೆಳಗಿನ ತಿಂಡಿ ಅಣ್ಣನದು. ಹನ್ನೊಂದರ ನಂತರ ಅವರು ಸ್ಟವ್ ಆರಿಸಿಬಿಡುತ್ತಿದ್ದರು. ಮಧ್ಯಾಹ್ನದ ಊಟ ಕೇರಿಯ ಹೆಂಗಸರದು. ಪಂಢರಿಯ ಹೆಂಡತಿ ಸುಮನ್ ತಟ್ಟುತ್ತಿದ್ದ ಅಕ್ಕಿಹಿಟ್ಟಿನ ಭಾಕ್ರಿ, ಹುರಿದ ಬೊಂಬಿಲ್ ಮೀನು ಇವಕ್ಕೆ ಜನ ಕ್ಯೂ ನಿಲ್ಲತೊಡಗಿದರು. "ನೀವೂ ಊಟ ಇಡಿ, ಯಾರು ಬೇಡ ಅಂತಾರೆ?" ಎಂದು ಕೇಳಿದ್ದೆ. "ಊರಿನವರ ಎಲೆ ಎಳೆದು ನನ್ನ ಎಲೆ ಹಾಕ್ಲಿಕ್ಕೆ ಉಂಟಾ ಮೇಡಂ? ಮತ್ತೆ ನನ್ನನ್ನು ಇಲ್ಲಿ ಇಟ್ಕೊಳ್ತಾರಾ?" ಎಂದರು. ವಾಚ್‌ಮನ್ ಕೆಲಸಕ್ಕೆ ಹೋಗಿದ್ದ ಇಬ್ಬರು ಯೂನಿಫಾರ್ಮ್ ವಾಪಸ್ ಕೊಟ್ಟು ಬಂದರು. ಎರಡನೆಯ ಸೀಸನ್ನಿನಲ್ಲಿ ಮಣ್ಣು ಸುರಿಯಲು ಬಂದ ಒಂದು ಲಾರಿಯ ಮುಂದೆ ಪಂಢರಿ ಸುಮ್ಮನೆ ಹೋಗಿ ಕುಳಿತ. ಡ್ರೈವರ್ ಹಾರ್ನ್ ಹೊಡೆದ, ಬೈದ, ಕೊನೆಗೆ ರಿವರ್ಸ್ ತೆಗೆದುಕೊಂಡ. ಇದನ್ನು ಮಾಡೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ತಟ್ಟೆಯ ವಿಷಯಕ್ಕೆ ಬರುತ್ತೇನೆ. ಮೊದಲನೆಯ ಸೀಸನ್ನಿನಲ್ಲಿ ಅದನ್ನು ದೋಣಿಗೆ ತಂದವರು ಅಣ್ಣನೇ. ಕೆಸರಿನಲ್ಲಿ ತಲೆ ಬಗ್ಗಿಸಿ ತಿನ್ನುವ ಹಕ್ಕಿಗಳನ್ನು ಎಷ್ಟು ಹೊತ್ತು ನೋಡುವುದು? ಜನರಿಗೆ ಅವು ಹಾರಬೇಕು. ಆಗ ಅಣ್ಣ ಒಂದು ಕೈಯಲ್ಲಿ ದೋಣಿಯ ಅಂಚನ್ನು ಗಟ್ಟಿಯಾಗಿ ಹಿಡಿದು ತಟ್ಟೆಯನ್ನು ತೊಡೆಯ ಮೇಲಿಟ್ಟು ಸೌಟಿನಿಂದ ಬಾರಿಸುತ್ತಿದ್ದರು. ಇಡೀ ಹಿಂಡು ಎದ್ದು ಆಕಾಶ ಗುಲಾಬಿಯಾಗುತ್ತಿತ್ತು. ಚಪ್ಪಾಳೆ. "ನೋಡಿ ಮೇಡಂ, ನಮ್ಮ ಕಂಪನಿ ಸೈರನ್!" ಎಂದು ಹಲ್ಲು ಬಿಡುತ್ತಿದ್ದರು. ಪಂಢರಿಗೂ ಕಲಿಸಿದರು. ಕೆಲವೇ ವಾರಗಳಲ್ಲಿ ಹಕ್ಕಿಗಳು ಆಚೆ ದಡಕ್ಕೆ ಸರಿದುಹೋದವು. ದೋಣಿಗಳು ಹೋದವು, ಖಾಲಿ ಕೆಸರು ತೋರಿಸಿ ಬಂದವು. ಸುಮನ್‌ಳ ಭಾಕ್ರಿ ಉಳಿಯಿತು. ಅಣ್ಣ ಎರಡು ದಿನ ಕಟ್ಟೆಯ ಮೇಲೆ ಕುಳಿತು ಆ ಖಾಲಿ ಕೆಸರನ್ನೇ ನೋಡಿದರು. ಮೂರನೆಯ ದಿನ ಎಲ್ಲರನ್ನೂ ಟಪರಿಯ ಮುಂದೆ ಕೂರಿಸಿ, ಪುಕ್ಕಟೆ ಚಹಾ ಕೊಟ್ಟು, ಹೊಸ ಕಾನೂನು ಹೇಳಿದರು.

"ಈ ಹಕ್ಕಿ ಅಂದ್ರೆ ಎಂತ? ದೂರದಿಂದ ಊಟಕ್ಕೆ ಬಂದ ಪಾರ್ಟಿ. ಊಟಕ್ಕೆ ಕೂತವರ ಕಿವಿ ಹತ್ತಿರ ಯಾರಾದ್ರೂ ತಟ್ಟೆ ಬಡಿತಾರಾ? ಇನ್ನು ಮೇಲೆ ಅವರ ಹತ್ತಿರ ಇಂಜಿನ್ ಇಲ್ಲ, ಬೊಬ್ಬೆ ಇಲ್ಲ. ಅವರು ತಿಂದ್ರೆ ನಾವು ತಿಂತೇವೆ."

ಹಕ್ಕಿಗಳು ಮರಳಿ ಬಂದವು. ತಟ್ಟೆ ಟಪರಿಯ ಮೊಳೆಯಲ್ಲಿ ನೇತಾಡತೊಡಗಿತು.

ಮೂರನೆಯ ಸೀಸನ್ನಿನ ಒಂದು ಭಾನುವಾರ ನಮ್ಮ ಕನ್ನಡ ಸಂಘದ ಹೆಂಗಸರನ್ನು ನಾನು ಕರೆದುಕೊಂಡು ಹೋಗಿದ್ದೆ. ನಮಗಿಂತ ಮೊದಲು ಪಂಢರಿಯ ಪಾಳಿ. ಅವನ ದೋಣಿಗೆ ಹತ್ತಿದ್ದು ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳುವ ಒಂದು ಜೋಡಿ. ಹುಡುಗಿಯ ಗೌನು ಅರ್ಧ ದೋಣಿಯನ್ನೇ ಮುಚ್ಚಿತ್ತು. ಜೊತೆಗೆ ಕರಿ ಕನ್ನಡಕದ ಒಬ್ಬ ಡೈರೆಕ್ಟರು. ಆ ಮನುಷ್ಯ ಜೆಟ್ಟಿಯಲ್ಲೇ ಶುರುಮಾಡಿದ್ದ: "ಬರ್ಡ್ಸ್ ಉಡ್ನಾ ಮಂಗ್ತಾ. ಉಡೇಗಾ ನಾ?" ಹಕ್ಕಿಗಳು ಹಾರಲೇಬೇಕಂತೆ. ಪಂಢರಿ ತಲೆಯಾಡಿಸಿದ್ದನ್ನು ನೋಡಿದೆ. ಹೌದೆಂದು ಆಡಿಸಿದನೋ ಇಲ್ಲವೆಂದೋ, ಆಗ ಯೋಚಿಸಲಿಲ್ಲ.

ಅಣ್ಣ ಅಂದು ನಮ್ಮ ದೋಣಿಗೆ ಬಂದರು. ಸಂಘದ ಹೆಂಗಸರೆಂದರೆ ಅವರಿಗೆ ಮರ್ಯಾದೆ. ನನ್ನ ಪಕ್ಕದಲ್ಲಿ ಹುಬ್ಬಳ್ಳಿಯ ಶಕುಂತಲಾ ಬಾಯಿ ಕುಳಿತಿದ್ದರು. ಹಕ್ಕಿಗಳು ಕಂಡೊಡನೆ ನಮ್ಮ ದೋಣಿಯ ಇಂಜಿನ್ ಆಫ್ ಆಯಿತು. ಆ ನಿಶ್ಶಬ್ದದಲ್ಲಿ ಅವುಗಳ ಗೊಣಗಾಟ ಕೇಳಿಸಿತು, ಮದುವೆಮನೆಯ ಎರಡನೇ ಪಂಕ್ತಿಯ ಗದ್ದಲ ದೂರದಿಂದ ಕೇಳಿದ ಹಾಗೆ.

ಥಣ್, ಥಣ್, ಥಣ್.

"ಏನ್ರೀ ಅದು? ನೀರಾಗ ಯಾರು ತಾಟ ಬಡಿಯಾಕತ್ತಾರ?" ಶಕುಂತಲಾ ಬಾಯಿ ನಕ್ಕರು.

ನಾನು ಅಣ್ಣನ ಮುಖ ನೋಡಿದೆ. ಡೈ ಮಾಡಿದ ಕೂದಲಿನ ಕೆಳಗೆ ಅದು ಬೂದಿಯಾಗಿತ್ತು. ಅವರು ಎದ್ದು ನಿಂತರು. ಈಜು ಬಾರದ ಮನುಷ್ಯ, ಅಲುಗುವ ದೋಣಿಯಲ್ಲಿ, ಏನನ್ನೂ ಹಿಡಿಯದೆ. "ಪಂಢರೀ! ನಕೋ! ಪಂಢರೀ!" ಬೇಡವೆಂದು ಕೂಗಿದರು.

ಹಿಂಡು ಎದ್ದಿತ್ತು. ಖಾಡಿಯನ್ನು ದಾಟಿಹೋಗುವ ಹೈ ಟೆನ್ಷನ್ ತಂತಿಗಳ ಕಡೆಗೇ ತಿರುಗಿತು. ಹಿಂಡಿನ ಮುಂಭಾಗ ಮೇಲೇರಿ ತಪ್ಪಿಸಿಕೊಂಡಿತು. ಹಿಂದಿನ ಒಂದು ಹಕ್ಕಿ ತಂತಿಗೆ ಬಡಿಯಿತು. ಒಂದು ಕ್ಷಣ ಗಾಳಿಯಲ್ಲಿ ನಿಂತಹಾಗೆ ಕಂಡು, ಮಡಚಿದ ಛತ್ರಿಯಂತೆ ನೀರಿಗೆ ಬಿತ್ತು. ಆಚೆ ದೋಣಿಯಲ್ಲಿ ಡೈರೆಕ್ಟರು "ಸುಪರ್ಬ್!" ಎಂದು ಕೂಗುತ್ತಿದ್ದ. ಅವನು ಅದನ್ನು ನೋಡಿರಲಿಲ್ಲ.

ನಾವು ಜೆಟ್ಟಿಗೆ ಬರುವಷ್ಟರಲ್ಲಿ ಗೌನಿನವರ ಕಾರು ಹೊರಟುಹೋಗಿತ್ತು. ಹಕ್ಕಿ ಮೀನಿನ ಕ್ರೇಟಿನಲ್ಲಿ, ಒದ್ದೆ ಗೋಣಿಯ ಕೆಳಗೆ ಮಲಗಿತ್ತು. ಒಂದು ಕಾಲು ಮಾತ್ರ ಹೊರಗೆ ಚಾಚಿತ್ತು. ಸುಮನ್ ಅದನ್ನು ಒಳಗೆ ತಳ್ಳಲು ನೋಡುತ್ತಿದ್ದಳು, ಅದು ಮಡಚುತ್ತಿರಲಿಲ್ಲ. ಸುತ್ತ ಇಡೀ ಕೇರಿ.

ಪಂಢರಿ ಕ್ರೇಟಿನ ಪಕ್ಕದಲ್ಲಿ ಕುಳಿತಿದ್ದ. "ಅವರು ಹಟ ಹಿಡಿದರು ಅಣ್ಣಾ. ಒಂದೇ ಸಲ ಅಂದರು. ಮೊಳೆಯಿಂದ ತಟ್ಟೆ ಕೇಳದೆ ತೆಗೆದುಕೊಂಡೆ. ಒಂದೇ ಸಲ."

"ರಾತ್ರಿ ಹೂತುಬಿಡೋಣ," ಯಾರೋ ಅಂದರು. "ಯಾರಿಗೂ ಗೊತ್ತಾಗಲ್ಲ."

ಅಣ್ಣ ಜೇಬಿನಿಂದ ಫೋನ್ ತೆಗೆದರು. ಅದನ್ನು ನೋಡಿದ ಕೂಡಲೇ ಗುಂಪು ಒಂದು ಹೆಜ್ಜೆ ಮುಂದೆ ಬಂತು.

"ಕೋಣಾಲಾ ಫೋನ್?" ಯಾರಿಗೆ ಫೋನ್ ಎಂದು ಸುಮನ್ ಕೇಳಿದಳು. ಅಣ್ಣ ಫಾರೆಸ್ಟ್ ಆಫೀಸಿಗೆ ಎಂದರು.

"ಹುಚ್ಚು ಹಿಡಿದಿದೆಯಾ ನಿಮಗೆ? ದೋಣಿ ನಿಲ್ಲಿಸುತ್ತಾರೆ. ಇವನದಷ್ಟೇ ಅಲ್ಲ, ಎಲ್ಲರದೂ. ಸತ್ತದ್ದು ಒಂದು ಪಕ್ಷಿ, ಊರನ್ನೂ ಸಾಯಿಸಬೇಕಾ?"

"ನಾವು ಏನೂ ನೋಡಿಲ್ರಿ," ಶಕುಂತಲಾ ಬಾಯಿ ನನ್ನ ಸೆರಗು ಜಗ್ಗಿದರು. "ನಡೀರಿ, ಆಟೋ ಹಿಡಿಯೋಣು."

ನಾನು ಅಲ್ಲೇ ನಿಂತೆ. ಅಣ್ಣ ಸುಮನ್‌ಳ ಕಡೆ ತಿರುಗಿ ಮೆಲ್ಲಗೆ ಮಾತಾಡಿದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಹೋಟೆಲಲ್ಲಿ ಒಂದು ಪಾತ್ರೆ ಸಾಂಬಾರ್ ಕೆಟ್ಟಿತು ಅಂತ ಇಟ್ಕೊ. ಚೆಲ್ಲಿದ್ರೆ ಒಂದು ದಿನದ ನಷ್ಟ. ಮುಚ್ಚಿಟ್ಟು ಬಡಿಸಿದ್ರೆ ಹೋಟೆಲೇ ಇಲ್ಲ. ಆ ಕಾರಿನವರ ಫೋನಲ್ಲಿ ವಿಡಿಯೋ ಉಂಟು. ನಾಳೆ ಊರೆಲ್ಲ ನೋಡ್ತದೆ. ಆಮೇಲೆ ಬಂದು ಕೇಳಿದ್ರೆ ಯಾವ ಬಾಯಲ್ಲಿ ಉತ್ತರ ಕೊಡುದು? ಮತ್ತೆ ಯಾವತ್ತೂ ಪರ್ಮಿಷನ್ ಸಿಗ್ಲಿಕ್ಕಿಲ್ಲ."

"ಹಾಗಾದರೆ ನನ್ನ ಹೆಸರು ಹೇಳಬೇಡಿ," ಪಂಢರಿ ಅಂದ. "ಯಾರೋ ಹೊರಗಿನವರು ಅನ್ನಿ. ಅಣ್ಣಾ, ಇಷ್ಟು ವರ್ಷ ನಿಮ್ಮ ಕೈಯಲ್ಲಿ ಚಹಾ ಕುಡಿದಿದ್ದೇನೆ."

ಅಣ್ಣ ನಂಬರ್ ಒತ್ತಿದರು. ಆಮೇಲೆ ಫೋನನ್ನು ಕಿವಿಗಿಟ್ಟರು. "ಸಾಬ್, ಜೆಟ್ಟೀ ಸೇ ಬೋಲ್ ರಹಾ ಹೂಂ. ಏಕ್ ಬರ್ಡ್ ಮರ್ ಗಯಾ." ಯಾರು ಮಾಡಿದ್ದೆಂದು ಆ ಕಡೆಯಿಂದ ಕೇಳಿರಬೇಕು. ಅಣ್ಣ ಕಣ್ಣು ಮುಚ್ಚಿದರು. "ಬಜಾಯಾ ಪಂಢರೀ ನೇ. ಸಿಖಾಯಾ ಮೈನೇ. ಥಾಲೀ ಭೀ ಮೇರಾ ಹೈ."

ಬಾರಿಸಿದ್ದು ಪಂಢರಿ, ಕಲಿಸಿದ್ದು ನಾನು, ತಟ್ಟೆಯೂ ನನ್ನದೇ ಎಂದರು. ಮೊದಲನೆಯ ಮಾತನ್ನು ನುಂಗಿದ್ದರೆ ಅವರಿಗೆ ಆ ಕೇರಿಯಲ್ಲಿ ಜಾಗ ಉಳಿಯುತ್ತಿತ್ತು. ಪಂಢರಿ ಕ್ರೇಟಿನ ಪಕ್ಕದಿಂದ ಎದ್ದು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಫಾರೆಸ್ಟ್ ಗಾರ್ಡ್ ಬರುವವರೆಗೂ ಅಣ್ಣ ಬಿಸಿಲಿನಲ್ಲಿ ಹಕ್ಕಿಯ ಹತ್ತಿರವೇ ನಿಂತಿದ್ದರು. ಅವರ ಟಪರಿಯ ನೆರಳಿನಲ್ಲಿ ನಿಂತವರು ಒಬ್ಬೊಬ್ಬರಾಗಿ ಅಲ್ಲಿಂದ ಸರಿದು ಬಿಸಿಲಿಗೆ ಹೋದರು.

ಆ ಸೀಸನ್ನಿನ ಉಳಿದ ದಿನಗಳಿಗೆ ಫಾರೆಸ್ಟಿನವರು ಎಲ್ಲ ದೋಣಿಗಳನ್ನೂ ನಿಲ್ಲಿಸಿದರು. ಮುಂದಿನ ಸೀಸನ್ನಿನ ಬಗ್ಗೆ ಆಮೇಲೆ ನೋಡೋಣ ಎಂದರು. ಅಣ್ಣ ದಿನವೂ ಸ್ಟವ್ ಹಚ್ಚುತ್ತಿದ್ದರು. ಯಾರೂ ಬರುತ್ತಿರಲಿಲ್ಲ. ನಾನು ಹೋದರೆ ಇಡ್ಲಿ ಕೊಟ್ಟು, "ತಿನ್ನಿ, ತಣ್ಣಗಾಗ್ತದೆ" ಎಂದಷ್ಟೇ ಹೇಳಿ ಖಾಡಿಯ ಕಡೆ ಮುಖ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಸುಮನ್ ಬಂದು, ಊಟದ ಅಡುಗೆಗೆಂದು ಅವರಿಂದ ಒಯ್ದಿದ್ದ ದೊಡ್ಡ ಪಾತ್ರೆಗಳನ್ನೆಲ್ಲ ಬೆಳಗಿ, ಕಟ್ಟೆಯ ಮೇಲೆ ಕವುಚಿಟ್ಟು ಹೋದಳು. ಹೋಳಿ ಕಳೆದ ಮೇಲೆ ಅಣ್ಣ ಟಪರಿ ಬಿಚ್ಚಿ ಡೊಂಬಿವಲಿಗೆ, ಮಗಳ ಮನೆಗೆ ಹೋದರು. ಅಲ್ಲಿಂದ ಖಾಡಿಯ ಕಡೆಯ ಯಾರ ಫೋನನ್ನೂ ಅವರು ಎತ್ತಲಿಲ್ಲ. ನನ್ನದನ್ನೂ ಎತ್ತಲಿಲ್ಲ. ಮಗಳ ಹತ್ತಿರ ಕೇಳಿದರೆ, "ಪಪ್ಪಾ ಬಾತ್ ನಹೀಂ ಕರ್ತೇ ಆಂಟೀ, ಚುಪ್ ಬೈಠತೇ ಹೈಂ" ಎನ್ನುತ್ತಿದ್ದಳು. ಮಾತಿಲ್ಲ, ಸುಮ್ಮನೆ ಕುಳಿತಿರುತ್ತಾರಂತೆ.

ದೋಣಿ ನಿಂತದ್ದು ಲಾರಿಯವರಿಗೂ ತಿಳಿಯಿತು. ಮೇ ತಿಂಗಳಲ್ಲಿ ಮ್ಯಾಂಗ್ರೋವ್ ಅಂಚಿನಲ್ಲಿ ಮತ್ತೆ ಮಣ್ಣಿನ ಗುಡ್ಡೆಗಳು ಎದ್ದವು. ಆಗ ಕೇರಿಯ ಹೆಂಗಸರು ಮೀನಿನ ಬುಟ್ಟಿಗಳನ್ನು ಸಾಲಾಗಿ ದಾರಿಗೆ ಅಡ್ಡ ಇಟ್ಟು ಕುಳಿತರು. ಆಮೇಲೆ ಸುಮನ್ ಅವರನ್ನೆಲ್ಲ ಕರೆದುಕೊಂಡು ಫಾರೆಸ್ಟ್ ಆಫೀಸಿಗೆ ಹೋದಳು. ಇಂಗ್ಲಿಷ್ ಅರ್ಜಿ ಓದಿ ಹೇಳಲು ನಾನೂ ಜೊತೆಗಿದ್ದೆ. ನನ್ನ ಇಂಗ್ಲಿಷ್ ಬೇಕಾಗಲೇ ಇಲ್ಲ. ಅವಳು ಮೇಜಿನ ಮೇಲೆ ಎರಡೂ ಕೈ ಊರಿ ಮರಾಠಿಯಲ್ಲೇ ಹೇಳಿದಳು: "ಸಾಹೇಬ್, ನಮ್ಮ ದೋಣಿ ನೀರಿನಲ್ಲಿದ್ದರೆ ನಿಮ್ಮ ಕಾಡಿಗೆ ನಾವು ಕಾವಲು. ದೋಣಿ ದಡದಲ್ಲಿದ್ದರೆ ಅಲ್ಲಿ ಯಾರಿದ್ದಾರೆ, ಹೇಳಿ? ಹಕ್ಕಿ ಸತ್ತದ್ದನ್ನು ನಿಮಗೆ ಹೇಳಿದವರು ನಾವೇ. ಯಾರೂ ಹಿಡಿದುಕೊಟ್ಟದ್ದಲ್ಲ."

ನಾವೇ, ಎಂದಳು. ನಾನು ಅವಳ ಮುಖ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ.

ಆ ಮಾತೇ ಕೆಲಸ ಮಾಡಿತು ಎಂದು ನನ್ನ ನಂಬಿಕೆ. ನವೆಂಬರಿನಲ್ಲಿ ಪರ್ಮಿಷನ್ ಬಂತು, ಹೊಸ ಕಟ್ಟುಪಾಡುಗಳೊಂದಿಗೆ. ಪಂಢರಿ ಎಲ್ಲರಿಗಿಂತ ಕಟ್ಟುನಿಟ್ಟಾದ. ದೋಣಿ ಹತ್ತುವವರ ಬ್ಯಾಗ್ ನೋಡುತ್ತಿದ್ದ, ಸ್ಪೀಕರ್ ಕಂಡರೆ ಇಳಿಸುತ್ತಿದ್ದ. ಹೊರಡುವ ಮುಂಚೆ ಎಲ್ಲರನ್ನೂ ಕೂರಿಸಿ, ದೂರದಿಂದ ಊಟಕ್ಕೆ ಬಂದ ಪಾರ್ಟಿಯ ಮಾತನ್ನು ಅಕ್ಷರ ಬಿಡದೆ ಹೇಳುತ್ತಿದ್ದ. ಯಾರ ಮಾತೆಂದು ಮಾತ್ರ ಹೇಳುತ್ತಿರಲಿಲ್ಲ. ಅಣ್ಣನ ಹೆಸರು ಎತ್ತಿದರೆ ಎದ್ದುಹೋಗುತ್ತಿದ್ದ.

ಆ ಚಳಿಗಾಲದಲ್ಲಿ ಒಂದು ಭಾನುವಾರ ಶಕುಂತಲಾ ಬಾಯಿ, "ಅವತ್ತು ಹೆದರಿ ಸರಿಯಾಗಿ ನೋಡ್ಲೇ ಇಲ್ಲ, ಇನ್ನೊಮ್ಮೆ ಹೋಗೂಣು ನಡೀರಿ" ಎಂದು ನನ್ನನ್ನು ಎಳೆದುಕೊಂಡು ಹೋದರು. ಅಂದು ಪಂಢರಿಯ ಪಾಳಿ. ಉಬ್ಬರ ಏರುತ್ತಿತ್ತು. ಹಕ್ಕಿಗಳು ಐರೋಲಿ ಸೇತುವೆಯ ಹತ್ತಿರದ ಕೆಸರಿಗೆ ಬಂದಿದ್ದವು. ಪಂಢರಿ ದೂರದಲ್ಲೇ ಇಂಜಿನ್ ಆರಿಸಿ ಕೋಲು ಹಿಡಿದ.

"ಮೇಲೆ ನೋಡ್ರಿ," ಶಕುಂತಲಾ ಬಾಯಿ ನನ್ನ ಮೊಣಕೈ ಒತ್ತಿದರು. "ಅಲ್ಲಿ ನಿಂತವರು ನಿಮ್ಮ ಅಣ್ಣ ಅಲ್ಲೇನ್ರಿ?"

ಸೇತುವೆಯ ಮೇಲೆ, ಓಡುವ ಬಸ್ಸು ಟ್ರಕ್ಕುಗಳ ಅಂಚಿನಲ್ಲಿ, ಕಟಕಟೆಗೆ ಆತು ಒಬ್ಬರು ನಿಂತಿದ್ದರು. ಕೂದಲೆಲ್ಲ ಬಿಳಿ. ಡೈ ಬಿಟ್ಟ ಅಣ್ಣನನ್ನು ನಾನು ಕಂಡಿರಲಿಲ್ಲ, ಗುರುತು ಹತ್ತಲು ಒಂದು ಕ್ಷಣ ಬೇಕಾಯಿತು. ಡೊಂಬಿವಲಿಯಿಂದ ಲೋಕಲ್ ಹಿಡಿದು, ಬಸ್ ಹಿಡಿದು, ಅಷ್ಟು ದೂರ ಬಂದು, ಕೆಳಗೆ ಜೆಟ್ಟಿಗೆ ಇಳಿಯದೆ ಮೇಲಿನಿಂದಲೇ ದೋಣಿಗಳನ್ನು ನೋಡುತ್ತಿದ್ದರು. ಎಷ್ಟು ಭಾನುವಾರ ಹೀಗೆ ಬಂದಿದ್ದರೋ, ದೇವರಿಗೇ ಗೊತ್ತು.

ಪಂಢರಿಯೂ ನೋಡಿದ. ಕೋಲು ನೀರಿನಲ್ಲಿ ನಿಂತಿತು. ಆಮೇಲೆ ಇದ್ದಕ್ಕಿದ್ದಂತೆ ಎದ್ದು ನಿಂತು, ಎರಡೂ ಕೈಗಳನ್ನು ಬಾಯಿಗೆ ಹಿಡಿದು ಕೂಗಿದ:

"ಅಣ್ಣಾ! ಖಾಲೀ ಯೇ! ಅಣ್ಣಾ, ಕೆಳಗೆ ಬಾ!"

ಟ್ರಕ್ಕುಗಳ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಯಾರೋ ಕೂಗುತ್ತಿದ್ದಾರೆಂದು ಮಾತ್ರ ತಿಳಿಯಿತು. ಬಗ್ಗಿದರು, ಕಿವಿಯ ಹಿಂದೆ ಕೈ ಇಟ್ಟುಕೊಂಡರು. ಪಂಢರಿ ಎದೆಯ ತುಂಬ ಉಸಿರು ಎಳೆದುಕೊಂಡ.

"ಶ್ಶ್!" ದೋಣಿಯ ಮುಂದೆ ಕುಳಿತಿದ್ದ, ಉದ್ದ ಲೆನ್ಸಿನ ಕ್ಯಾಮೆರಾ ಹಿಡಿದ ಹುಡುಗಿ ತಿರುಗಿದಳು. "ಅಂಕಲ್, ಪ್ಲೀಸ್! ಬರ್ಡ್ಸ್ ಉಡ್ ಜಾಯೇಂಗೇ. ಆಪ್‌ನೇ ಹೀ ತೋ ಬೋಲಾ ಥಾ." ಹಕ್ಕಿಗಳು ಹಾರಿಹೋಗುತ್ತವೆ, ನೀವೇ ಹೇಳಿದ್ದಲ್ಲವೇ ಎಂದಳು.

ಕೆಸರಿನ ಅಂಚಿನಲ್ಲಿ ಆಗಲೇ ಕೆಲವು ಕತ್ತುಗಳು ಮೇಲೆದ್ದಿದ್ದವು. ಪಂಢರಿ ಅವನ್ನು ನೋಡಿದ, ಸೇತುವೆಯನ್ನು ನೋಡಿದ. ಬಾಯಿ ಮುಚ್ಚಿ, ಮೆಲ್ಲಗೆ ಕುಳಿತುಕೊಂಡ. ನೀರು ನಮ್ಮನ್ನು ಒಳಗೆ ಒಯ್ಯುತ್ತಿತ್ತು. ನಾನು ಕತ್ತು ತಿರುಗಿಸಿ ನೋಡುತ್ತಲೇ ಇದ್ದೆ. ಮೇಲೆ ಅಣ್ಣ ಇನ್ನೂ ಕಿವಿಗೆ ಕೈ ಇಟ್ಟುಕೊಂಡೇ ನಿಂತಿದ್ದರು.